ತವರಿನ ಅಂಗಳವಿಲ್ಲದ ತಂಡಗಳು

ನಮ್ಮ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಸೊಗಸಾದ ಪ್ರಯೋಗವಿದೆ: ‘ತವರಿನ ಅಂಗಳ’. ತಂಡವೊಂದು ತನ್ನ ಊರಿನಲ್ಲಿ, ತನ್ನವರ ಕಣ್ಣೆದುರಿಗೆ ಆಡುವ ಮೈದಾನಕ್ಕೆ ಕನ್ನಡವು ಕೊಟ್ಟ ಹೆಸರು ಅದು. ದಣಿದು ಬಂದ ಮಗಳಿಗೆ ಕಾರಣ ಕೇಳದೆ ಬಾಗಿಲು ತೆರೆಯುವ ಮನೆ ತವರು. ಸೋತು ಬಂದ ತಂಡಕ್ಕೂ ಅಂಥದೊಂದು ಜಾಗ ಬೇಕೆಂಬ ಇಂಗಿತ ಆ ಮಾತಿನಲ್ಲೇ ಇದೆ. ಆದರೆ ಈ ಮಾತನ್ನು ದಿನವೂ ಓದುವ ಬೆಂಗಳೂರಿನಲ್ಲಿ, ಫುಟ್‌ಬಾಲ್ ಆಡುವ ಹವ್ಯಾಸಿ ಕ್ಲಬ್ಬುಗಳಲ್ಲಿ ತವರಿನ ಅಂಗಳ ಇರುವುದು ಎಷ್ಟಕ್ಕೆ?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಭಾನುವಾರದ ಮುಂಜಾನೆ. ನೆರೆಮನೆಯ ಹುಡುಗನೊಬ್ಬ ಯಲಹಂಕದ ಒಂದು ಸಣ್ಣ ಕ್ಲಬ್ಬಿಗೆ ಆಡುತ್ತಾನೆ. ‘ಒಂದು ಸಲ ನಮ್ಮ ಮ್ಯಾಚ್ ನೋಡೋಕೆ ಬನ್ನಿ ಅಂಕಲ್’ ಎಂದು ಹಲವು ಬಾರಿ ಕರೆದಿದ್ದ. ಐದೂವರೆಗೆಲ್ಲ ಉಪನಗರದ ಬಸ್ ನಿಲ್ದಾಣದ ಬಳಿ ಹದಿನೈದು ಹದಿನಾರು ಹುಡುಗರು ಸೇರಿದ್ದರು. ಒಬ್ಬ ಕಾಲೇಜು ವಿದ್ಯಾರ್ಥಿ, ಒಬ್ಬ ಮೊಬೈಲ್ ಅಂಗಡಿಯ ಸಹಾಯಕ, ಇಬ್ಬರು ಮನೆಬಾಗಿಲಿಗೆ ಊಟ ತಲುಪಿಸುವ ಕೆಲಸದವರು, ಒಬ್ಬ ಎಂಜಿನಿಯರು. ಹಣ ಕೂಡಿಸಿ ಗೊತ್ತುಮಾಡಿದ ಟೆಂಪೊ ಬಂತು. ಹೆಬ್ಬಾಳದ ಮೇಲ್ಸೇತುವೆ ದಾಟಿ ನಗರದ ಇನ್ನೊಂದು ತುದಿಯ ಮೈದಾನಕ್ಕೆ ಹೋದೆವು. ಎದುರಾಳಿ ತಂಡವೂ ಇನ್ನೆಲ್ಲಿಂದಲೋ ಹಾಗೆಯೇ ಬಂದಿತ್ತು. ಎರಡು ತಂಡಗಳಿಗೂ ಅದು ಪರಸ್ಥಳವೇ. ನೋಡಲು ಇದ್ದವರು ನಾನು, ಇಬ್ಬರು ತಂದೆಯರು, ಒಬ್ಬ ಚಹಾ ಮಾರುವವನು. ಹುಡುಗರು ಚೆನ್ನಾಗಿಯೇ ಆಡಿದರು. ಗೋಲು ಬಂದಾಗ ಕೂಗಿದವರೂ ಅವರೇ, ಚಪ್ಪಾಳೆ ತಟ್ಟಿದವರೂ ಅವರೇ.

ಹಿಂದಿರುಗುವಾಗ ಕ್ಲಬ್ಬಿನ ಕಾರ್ಯದರ್ಶಿಯನ್ನು ಕೇಳಿದೆ: ‘ನಿಮ್ಮ ಕ್ಲಬ್ಬು ಇರೋದು ಎಲ್ಲಿ?’ ಆತ ನಕ್ಕು ಹೇಳಿದ ಮಾತು ಇದು: ‘ನಮ್ಮನೆ ಮೆಟ್ಟಿಲ ಕೆಳಗೆ ಸಾರ್. ಎಂಟು ಬಾಲು, ಒಂದು ಪಂಪು, ಒಂದು ಚೀಲ ಜೆರ್ಸಿ. ಅಷ್ಟೇ ಕ್ಲಬ್ಬು.’ ಮೂರು ವರ್ಷ ಅವರು ಅಭ್ಯಾಸ ಮಾಡಿದ್ದು ಯಾರದೋ ಖಾಲಿ ನಿವೇಶನದಲ್ಲಂತೆ. ಒಂದು ಸಂಜೆ ಹೋಗಿ ನೋಡಿದರೆ ಗೋಲಿನ ಗುರುತಿಗೆ ಇಟ್ಟಿದ್ದ ಕಲ್ಲುಗಳ ಜಾಗದಲ್ಲಿ ತಳಪಾಯದ ಗುಂಡಿ. ಆ ಮಾಲೀಕರ ಮೇಲೆ ದೂರು ಹೇಳುವಂತಿಲ್ಲ, ಜಾಗ ಅವರದು. ದೂರು ಇರಬೇಕಾದ್ದು, ಸಾರ್ವಜನಿಕರದೆಂದು ಹೇಳಿಕೊಳ್ಳುವ ಒಂದಡಿ ನೆಲವೂ ಆ ಹುಡುಗರ ಪಾಲಿಗೆ ಇರಲಿಲ್ಲ ಎಂಬುದರ ಬಗ್ಗೆ.

ಇದಕ್ಕೆ ಎರಡು ವರ್ಷ ಮೊದಲು, ಅಕ್ಕನ ಮಗ ಉನ್ನತ ವ್ಯಾಸಂಗಕ್ಕೆಂದು ಇಟಲಿಯ ತೂರಿನ್ ನಗರದಲ್ಲಿದ್ದಾಗ, ಕೆಲವು ದಿನ ಅವನ ಜೊತೆ ಇದ್ದೆ. ಫುಟ್‌ಬಾಲ್ ಎಂದರೆ ಯುವೆಂಟಸ್ ಕ್ರೀಡಾಂಗಣವೇ ಎಂದುಕೊಂಡಿದ್ದ ನನ್ನನ್ನು ಅವನು ಒಂದು ಭಾನುವಾರ ಮಧ್ಯಾಹ್ನ ಕರೆದೊಯ್ದದ್ದು ನಗರದಿಂದ ಹೊರಗೆ, ನಮ್ಮ ಹೋಬಳಿ ಕೇಂದ್ರದಷ್ಟು ದೊಡ್ಡ ಊರಿಗೆ. ಅಲ್ಲಿನ ಹವ್ಯಾಸಿ ಕ್ಲಬ್ಬಿನ ಪಂದ್ಯವಿತ್ತು. ಆಡುತ್ತಿದ್ದವರು ನಲ್ಲಿ ರಿಪೇರಿಯವನು, ಬ್ಯಾಂಕಿನ ಗುಮಾಸ್ತ, ಶಾಲಾ ಮೇಷ್ಟ್ರು, ಅಲ್ಬೇನಿಯ ಮತ್ತು ಮೊರಾಕ್ಕೊದಿಂದ ವಲಸೆ ಬಂದವರ ಮಕ್ಕಳು. ಆಟದ ಮಟ್ಟ ಹೇಳಿಕೊಳ್ಳುವಂಥದ್ದಲ್ಲ. ನಮ್ಮ ಯಲಹಂಕದ ಹುಡುಗರು ಅವರನ್ನು ಸೋಲಿಸಿದರೂ ಆಶ್ಚರ್ಯವಿಲ್ಲ.

ಆದರೆ ಮೈದಾನ? ಸುತ್ತ ಸೊಂಟದೆತ್ತರದ ಕಂಬಿ, ಒಂದು ಬದಿಗೆ ನಾಲ್ಕು ಸಾಲಿನ ಸಿಮೆಂಟ್ ಮೆಟ್ಟಿಲು, ಬಟ್ಟೆ ಬದಲಿಸುವ ಎರಡು ಕೋಣೆ, ಅವುಗಳ ಪಕ್ಕದಲ್ಲಿ ಕಾಫಿ ಕೊಡುವ ಒಂದು ಪುಟ್ಟ ಅಂಗಡಿ. ಅಂಗಡಿಯ ಗೋಡೆಯ ಮೇಲೆ ಹಳೆಯ ತಂಡಗಳ ಮಾಸಿದ ಚಿತ್ರಗಳು. ಕಂಬಿಗೆ ಮೊಣಕೈ ಊರಿ ನಿಂತ ಮುದುಕರು ರೆಫರಿಯನ್ನು ಬೈಯುತ್ತ, ನಡುವೆ ಊರಿನ ಸಾವು-ಮದುವೆಗಳ ಸುದ್ದಿ ಮಾತನಾಡುತ್ತಿದ್ದರು. ಅವರಲ್ಲೊಬ್ಬರು ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿದರು. ಅದರಲ್ಲಿ ನಿಂತ ಯುವಕ ಅವರೇ. ಈಗ ಹೊರಗೆ ಆಡುತ್ತಿದ್ದ ಗೋಲ್‌ಕೀಪರ್ ಅವರ ಮೊಮ್ಮಗ. ತಂಡ ಅಂದು ಸೋತಿತು. ಆದರೂ ಯಾರೂ ಬೇಗ ಮನೆಗೆ ಹೋಗಲಿಲ್ಲ.

ಇದು ಒಂದು ಊರಿನ ಅದೃಷ್ಟವಲ್ಲ, ಒಂದು ವ್ಯವಸ್ಥೆ ಎಂಬುದು ನನಗೆ ಆಮೇಲೆ ತಿಳಿಯಿತು. ಇಟಲಿಯ ಹವ್ಯಾಸಿ ಫುಟ್‌ಬಾಲ್ ನಡೆಸಲು 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆಯೇ ಇದೆ. ಮೇಲಿನ ಮೂರು ವೃತ್ತಿಪರ ಹಂತಗಳನ್ನು ಬಿಟ್ಟರೆ, ನಾಲ್ಕನೆಯ ಹಂತವಾದ ‘ಸೆರಿಎ ಡಿ’ಯಿಂದ ಒಂಬತ್ತನೆಯ ಹಂತವಾದ ‘ತೆರ್ಸಾ ಕತೆಗೊರಿಯಾ’ದವರೆಗೆ ಎಲ್ಲವೂ ಹವ್ಯಾಸಿಗಳದು. ಈ ಎಲ್ಲ ಹಂತಗಳಲ್ಲೂ ನಿಯಮ ಒಂದೇ: ಒಮ್ಮೆ ನಮ್ಮಲ್ಲಿ, ಒಮ್ಮೆ ನಿಮ್ಮಲ್ಲಿ. ಹೀಗಾಗಿ ಪ್ರತಿ ಕ್ಲಬ್ಬಿಗೂ ಒಂದು ಮೈದಾನ ಇರಲೇಬೇಕು. ಅದು ಸಾಮಾನ್ಯವಾಗಿ ಕ್ಲಬ್ಬಿನ ಆಸ್ತಿಯಲ್ಲ. ಒಡೆತನ ಪುರಸಭೆಯದು, ನಿರ್ವಹಣೆ ಕ್ಲಬ್ಬಿನದು. 2002ರ ಕೊನೆಯಲ್ಲಿ ಅಂಗೀಕಾರವಾದ ಅಲ್ಲಿನ ಹಣಕಾಸು ಕಾಯ್ದೆ ಈ ರೂಢಿಗೆ ಕಾನೂನಿನ ಬಲ ಕೊಟ್ಟಿತು. ಸ್ಥಳೀಯ ಸಂಸ್ಥೆ ತನ್ನ ಕ್ರೀಡಾ ಸೌಕರ್ಯವನ್ನು ತಾನೇ ನಡೆಸದಿದ್ದಲ್ಲಿ, ಲಿಖಿತ ಒಪ್ಪಂದದ ಮೇಲೆ ಹವ್ಯಾಸಿ ಕ್ರೀಡಾ ಸಂಘಗಳಿಗೆ ಮೊದಲ ಆದ್ಯತೆ ಕೊಟ್ಟು ವಹಿಸಬೇಕು ಎಂಬುದು ಅದರ ಸಾರ. 2023ರಲ್ಲಿ ಆ ದೇಶ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದು ಕ್ರೀಡೆಯ ಶೈಕ್ಷಣಿಕ, ಸಾಮಾಜಿಕ ಮೌಲ್ಯವನ್ನು ಮಾನ್ಯಮಾಡಿತು.

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳಲು ನಾನು ಹೊರಟಿಲ್ಲ. ಹವ್ಯಾಸಿ ಪಂದ್ಯಗಳಲ್ಲಿ ರೆಫರಿಗಳ ಮೇಲೆ ಕೈಮಾಡುವುದು ಅಲ್ಲಿನ ಹಳೆಯ ತಲೆನೋವು. ಪ್ರೇಕ್ಷಕರ ವರ್ಣದ್ವೇಷದ ಕೂಗು ಇಂದಿಗೂ ಕೇಳುತ್ತದೆ. ಮಕ್ಕಳ ಸಂಖ್ಯೆ ಕುಗ್ಗಿ ಅಕ್ಕಪಕ್ಕದ ಊರಿನ ಕ್ಲಬ್ಬುಗಳು ಒಂದಾಗುತ್ತಿವೆ. ಹೊರದೇಶದಿಂದ ಬಂದವರೆಲ್ಲ ಅಲ್ಲಿನದನ್ನು ಹೊಗಳಿ ಇಲ್ಲಿನದನ್ನು ತೆಗಳುವ ಚಾಳಿಗೂ ನಾನು ಸೇರಬೇಕಿಲ್ಲ. ಆದರೂ ಒಂದು ಹೋಲಿಕೆ ಮನಸ್ಸಿನಿಂದ ಹೋಗುವುದಿಲ್ಲ. ಅಲ್ಲಿ ಮೈದಾನವಿದೆ, ಆಡಲು ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಇಲ್ಲಿ ಮಕ್ಕಳು ತುಂಬಿದ್ದಾರೆ, ಮೈದಾನವೇ ಇಲ್ಲ.

ಇಷ್ಟಕ್ಕೂ ಇಟಲಿಗೂ ಉತ್ತರ ಬೆಂಗಳೂರಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದ ರಣಭೂಮಿಯಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರನ್ನು 1941ರಿಂದ ಬೆಂಗಳೂರಿನ ಶಿಬಿರಗಳಲ್ಲಿ ಇಡಲಾಗಿತ್ತು. ಯಶವಂತಪುರದಾಚೆಯ ಜಾಲಹಳ್ಳಿಯ ಬಯಲು ಅಂಥದೊಂದು ಶಿಬಿರದ ಜಾಗ. ಆ ಕೈದಿಗಳು ಚೆಂಡಾಡುತ್ತಿದ್ದರು, ಇಲ್ಲಿನವರೊಡನೆಯೂ ಆಡಿದ್ದರು ಎಂಬ ಮಾತು ಬೆಂಗಳೂರಿನ ಹಳಬರ ನೆನಪುಗಳಲ್ಲಿ ಉಳಿದು ಬಂದಿದೆ. ಮುಳ್ಳುತಂತಿಯ ಒಳಗೂ ಒಂದು ಬಯಲಿತ್ತು! ಇಂದು ಅದೇ ಉತ್ತರ ಬೆಂಗಳೂರಿನಲ್ಲಿ ಸ್ವತಂತ್ರ ದೇಶದ ಮಕ್ಕಳು ಬಯಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುತ್ತಿದ್ದಾರೆ.

ಇನ್ನೊಂದು ನಂಟೂ ಇದೆ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ಕೊನೆಯ ಬಾರಿ ಆಡಿದ್ದು 1960ರ ರೋಮ್ ಕೂಟದಲ್ಲಿ. ಫ್ರಾನ್ಸ್ ವಿರುದ್ಧ ನಮ್ಮವರು 1–1ರ ಸಮ ಸಾಧಿಸಿದ ಪಂದ್ಯ ನಡೆದದ್ದು ರಾಜಧಾನಿಯ ಮಹಾ ಕ್ರೀಡಾಂಗಣದಲ್ಲಲ್ಲ, ಗ್ರೊಸ್ಸೆಟೊ ಎಂಬ ಪುಟ್ಟ ನಗರದಲ್ಲಿ. ಒಲಿಂಪಿಕ್ಸ್ ಪಂದ್ಯವೊಂದನ್ನು ನಡೆಸಬಲ್ಲ ಮೈದಾನ ಅಂಥ ಊರಿನಲ್ಲೂ ಇತ್ತು. ಅರವತ್ತು ವರ್ಷಗಳಿಗೂ ಮೇಲಾಗಿ ನಾವು ಆ ಕೂಟಕ್ಕೆ ಮತ್ತೆ ಅರ್ಹತೆ ಪಡೆದಿಲ್ಲ. ಕಾರಣಗಳು ಹಲವಿರಬಹುದು. ಕಾಲೂರಲು ನೆಲ ಇಲ್ಲದ್ದು ಅವುಗಳಲ್ಲಿ ಒಂದಲ್ಲವೆಂದು ಯಾರು ಹೇಳಬಲ್ಲರು?

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಬ್ರಿಟಿಷ್ ಸೈನಿಕ ತಂಡಗಳ ಏಕಸ್ವಾಮ್ಯವನ್ನು ಮುರಿದು ಮುಂಬಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ‘ಬೆಂಗಳೂರು ಮುಸ್ಲಿಮ್ಸ್’. ಅದು 1937ರಲ್ಲಿ. ಮರುವರ್ಷವೂ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿದ ಅಹಮದ್ ಖಾನ್ ಕೂಡ ಇಲ್ಲಿಯವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು. 1977ರಲ್ಲಿ ಫೆಡರೇಷನ್ ಕಪ್ ಆರಂಭವಾದಾಗ ಅದರ ಚೊಚ್ಚಲ ಪ್ರಶಸ್ತಿಯನ್ನು ಮೋಹನ್ ಬಾಗನ್ ತಂಡವನ್ನು ಮಣಿಸಿ ತಂದವರು ದೂರವಾಣಿನಗರದ ಐಟಿಐ ಕಾರ್ಖಾನೆಯ ನೌಕರರು. ಆಮೇಲೆ ಸಂತೋಷ್ ಟ್ರೋಫಿ ಮತ್ತೆ ನಮ್ಮ ರಾಜ್ಯಕ್ಕೆ ಬಂದದ್ದು 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ನಡುವೆ 54 ವರ್ಷಗಳು ಉರುಳಿದ್ದವು.

ಈ ಆಟಗಾರರು ಎಲ್ಲಿಂದ ಬಂದರು ಎಂದು ನೋಡಿದರೆ ಒಂದು ನಕ್ಷೆ ಮೂಡುತ್ತದೆ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್: ಬಹುತೇಕ ಹಳೆಯ ದಂಡು ಪ್ರದೇಶದ ಬಡ ಮತ್ತು ಕೆಳಮಧ್ಯಮ ವರ್ಗದ ಬೀದಿಗಳು. ಅಥವಾ ನೌಕರರಿಗೆ ವಸತಿಯ ಜೊತೆಗೆ ಆಟದ ಬಯಲನ್ನೂ ಒದಗಿಸಿದ ಸಾರ್ವಜನಿಕ ಉದ್ಯಮಗಳ ಕಾಲೊನಿಗಳು. ಗೌತಮಪುರದ ಹುಡುಗರು ತಮ್ಮ ಬಡಾವಣೆಯಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಅಲ್ಲಿನ ಮಣ್ಣಿನಲ್ಲಿ ವಿಶೇಷ ಸತ್ವವೇನೂ ಇಲ್ಲ. ಅಲ್ಲಿ ಮಣ್ಣು ಇತ್ತು, ಅಷ್ಟೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಯಾರೂ ಓಡಿಸದ ಒಂದು ತುಂಡು ಬಯಲು. ಬೆಂಗಳೂರಿನ ಫುಟ್‌ಬಾಲಿನ ನಕ್ಷೆ ಎಂದರೆ ಅದರ ಬಯಲುಗಳ ನಕ್ಷೆಯೇ.

ಉತ್ತರ ಬೆಂಗಳೂರಿಗೂ ಬಯಲುಗಳಿದ್ದವು. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳದ ಸುತ್ತಲ ಹಳ್ಳಿಗಳಿಗೆ ಗೋಮಾಳವಿತ್ತು, ಗುಂಡುತೋಪಿತ್ತು. ಬೇಸಿಗೆಯಲ್ಲಿ ನೀರು ಹಿಂಜರಿದ ಕೆರೆಯಂಗಳವಿತ್ತು. ಚಿನ್ನಿದಾಂಡು, ಕಬಡ್ಡಿ, ಆಮೇಲೆ ಕ್ರಿಕೆಟ್ಟು, ಫುಟ್‌ಬಾಲ್ ಎಲ್ಲಕ್ಕೂ ಅದೇ ತವರಿನ ಅಂಗಳ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲದ ನೆಲದ ಬೆಲೆ ಏನಾಯಿತೆಂಬುದನ್ನು ಓದುಗರಿಗೆ ಹೇಳಬೇಕಿಲ್ಲ. ಕೆರೆಗಳ ಕಥೆಯಲ್ಲಿ ಮಾತ್ರ ಒಂದು ಒಳ್ಳೆಯ ತಿರುವಿದೆ. ಸಂಸ್ಕರಿಸಿದ ನೀರು ಹರಿದು ಜಕ್ಕೂರು ಕೆರೆ ಈಗ ಬೇಸಿಗೆಯಲ್ಲೂ ಬತ್ತುವುದಿಲ್ಲ. ಹಕ್ಕಿಗಳು ಬರುತ್ತವೆ, ಜನ ನಡೆದಾಡುತ್ತಾರೆ. ಇದು ಹಾಗೆಯೇ ಇರಬೇಕು. ಸಂಪಂಗಿ ಕೆರೆಯನ್ನು ಮುಚ್ಚಿ ಕಂಠೀರವ ಕ್ರೀಡಾಂಗಣವನ್ನೂ, ಶೂಲೆ ಕೆರೆಯನ್ನು ಮುಚ್ಚಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವನ್ನೂ ಕಟ್ಟಿದ ತಪ್ಪನ್ನು ನಾವು ಮತ್ತೆ ಮಾಡಬಾರದು. ಆದರೆ ಕೆರೆಗೆ ಅದರ ಅಂಗಳವನ್ನು ಮರಳಿಸಿದ ನಗರವು ಹುಡುಗರಿಗೆ ಬದಲಿ ಅಂಗಳವನ್ನು ಕೊಡಬೇಕಿತ್ತು. ಆ ಲೆಕ್ಕವನ್ನು ಯಾರೂ ಇಡಲಿಲ್ಲ.

ಕಾನೂನು ಇಲ್ಲವೆಂದಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಅದರ ಬಡಾವಣೆಗಳಲ್ಲಿ ಒಟ್ಟು ವಿಸ್ತೀರ್ಣದ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿಡಬೇಕು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರಲ್ಲಿ ರಾಜ್ಯವು ಪ್ರತ್ಯೇಕ ಕಾಯ್ದೆ ಮಾಡಿತು. ಇನ್ನು ಈ ವಿಷಯದಲ್ಲಿ ದೇಶಕ್ಕೇ ಮಾದರಿಯಾದ ತೀರ್ಪು ಹುಟ್ಟಿದ್ದು ಹೆಬ್ಬಾಳಕ್ಕೆ ಕೂಗಳತೆಯ ಸದಾಶಿವನಗರದಲ್ಲಿ. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಮಂಜೂರು ಮಾಡಿದಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್’ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಮಂಜೂರಾತಿಯನ್ನು ಅನೂರ್ಜಿತಗೊಳಿಸಿತು. ಬಯಲು ಜಾಗ ಜನರದು, ಅಧಿಕಾರದಲ್ಲಿರುವವರ ಇಚ್ಛೆಯಂತೆ ಅದನ್ನು ಹಂಚುವಂತಿಲ್ಲ, ಅದಕ್ಕಾಗಿ ದನಿಯೆತ್ತುವ ಹಕ್ಕು ಆ ಪ್ರದೇಶದ ನಿವಾಸಿಗಳಿಗಿದೆ ಎಂಬುದು ಆ ತೀರ್ಪಿನ ತಿರುಳು.

ಹಾಗಾದರೆ ತೊಡಕು ಎಲ್ಲಿದೆ? ‘ಉದ್ಯಾನ ಮತ್ತು ಆಟದ ಮೈದಾನ’ ಎಂಬಲ್ಲಿನ ‘ಮತ್ತು’ ಎಂಬ ಪದದಲ್ಲಿದೆ. ಎರಡಕ್ಕೂ ಒಂದೇ ಖಾತೆ ಇರುವುದರಿಂದ ನಕ್ಷೆ ಬರೆಯುವವರು ಮೂಲೆಯ ಚೂರು, ರಾಜಕಾಲುವೆಯ ಬದಿಯ ಪಟ್ಟಿ, ನಿವೇಶನವಾಗಲು ಒಲ್ಲದ ತ್ರಿಕೋನಗಳನ್ನೆಲ್ಲ ಕೂಡಿಸಿ ಶೇ 15 ತೋರಿಸಬಹುದು. ಸಣ್ಣ ಲೆಕ್ಕ ಮಾಡೋಣ. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಸುಮಾರು ಒಂದೂಮುಕ್ಕಾಲು ಎಕರೆ. ಬದಿಯ ಜಾಗವೂ ಸೇರಿದರೆ ಎರಡೂಕಾಲು ಎಕರೆ ಎನ್ನಿ. ನೂರು ಎಕರೆಯ ಬಡಾವಣೆಯಲ್ಲಿ ಮೀಸಲು ಜಾಗ 15 ಎಕರೆ. ಅದರಲ್ಲಿ ಒಂದು ಮೈದಾನವನ್ನು ಒಂದೇ ತುಂಡಾಗಿ ಬಿಟ್ಟರೂ ಉದ್ಯಾನಗಳಿಗೆ ಹನ್ನೆರಡು ಎಕರೆಗೂ ಹೆಚ್ಚು ಉಳಿಯುತ್ತದೆ. ಇದು ಜಾಗದ ಕೊರತೆಯಲ್ಲ, ಮನಸ್ಸಿನ ಕೊರತೆ.

ಉಳಿದ ಕೆಲವೇ ಮೈದಾನಗಳ ಪಾಡನ್ನೂ ನಾವು ಬಲ್ಲೆವು. ಮೊದಲು ಬೇಲಿ ಬರುತ್ತದೆ, ಆಮೇಲೆ ಸುತ್ತ ನಡಿಗೆಯ ಹಾದಿ, ಮೂಲೆಗೆ ವ್ಯಾಯಾಮದ ಕಬ್ಬಿಣದ ಸಲಕರಣೆಗಳು, ನಡುವೆ ಹುಲ್ಲುಹಾಸು, ಕೊನೆಗೆ ‘ಇಲ್ಲಿ ಆಟವಾಡಬಾರದು’ ಎಂಬ ಫಲಕ. ಫಲಕ ಬೀಳದ ಮೈದಾನಕ್ಕೆ ವಸ್ತುಪ್ರದರ್ಶನ, ರಾಜಕೀಯ ಸಭೆ, ಮದುವೆ ಮಂಟಪದವರ ವಾಹನ ನಿಲುಗಡೆ ಬರುತ್ತವೆ. ಅವು ಹೋದ ಮೇಲೆ ಮೊಳೆ, ಗಾಜು, ಗುಂಡಿಗಳು ಉಳಿಯುತ್ತವೆ. ನಿವೃತ್ತರ ನಡಿಗೆ, ತಾಯಂದಿರ ನೆಮ್ಮದಿ, ಪುಟ್ಟ ಮಕ್ಕಳ ಜೋಕಾಲಿ ಇವೆಲ್ಲ ಬೇಕಾದವೇ. ನಾನೂ ಬೆಳಿಗ್ಗೆ ನಡೆಯುವವನೇ. ಆದರೆ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನವರಿಗೆ ನಮ್ಮ ಬಡಾವಣೆಗಳು ಉಚಿತವಾಗಿ ಏನನ್ನು ಕೊಡುತ್ತಿವೆ? ಆ ವಯಸ್ಸಿನವರು ಗುಂಪಾಗಿ ನಿಂತರೆ ಅನುಮಾನದಿಂದ ನೋಡುವ ನಾವು, ಅವರು ಗುಂಪಾಗಿ ಓಡಲು ಜಾಗವನ್ನೇಕೆ ಕೊಡುವುದಿಲ್ಲ?

ಈ ತೆರವನ್ನು ಮಾರುಕಟ್ಟೆ ತುಂಬಿದೆ. ಥಣಿಸಂದ್ರ, ಹೆಬ್ಬಾಳ, ಯಲಹಂಕದ ಉದ್ದಕ್ಕೂ ಬಲೆ ಹೊದಿಸಿದ ಪ್ಲಾಸ್ಟಿಕ್ ಹುಲ್ಲಿನ ‘ಟರ್ಫ್’ಗಳು ರಾತ್ರಿಯಿಡೀ ಬೆಳಗುತ್ತವೆ. ಅನೇಕ ಕಡೆ ಗಂಟೆಗೆ ಸಾವಿರ ರೂಪಾಯಿಗೂ ಮೇಲೆ. ಐದೈದು ಮಂದಿಯ ಆಟಕ್ಕೆ, ಕೆಲಸ ಮುಗಿಸಿ ಬಂದ ಉದ್ಯೋಗಿಗಳಿಗೆ ಅವು ಅನುಕೂಲವೇ. ಅವನ್ನು ನಡೆಸುವವರನ್ನು ಹಳಿಯಬೇಕಿಲ್ಲ. ಆದರೆ ಬಾಡಿಗೆಯ ಗಂಟೆ ಮುಗಿದೊಡನೆ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಅಲ್ಲಿ ಕಂಬಿಗೆ ಮೊಣಕೈ ಊರಿ ನಿಲ್ಲುವ ಮುದುಕರಿಲ್ಲ, ದೊಡ್ಡವರ ಆಟವನ್ನು ಬಾಯಿಬಿಟ್ಟು ನೋಡುವ ಹತ್ತು ವರ್ಷದ ಪೋರನಿಲ್ಲ. ಮನೆಗೆಲಸದವರ ಮಗ, ಮನೆಯೊಡತಿಯ ಮಗ ಒಂದೇ ತಂಡದಲ್ಲಿ ಆಡುವ ಸಂಭವವೂ ಇಲ್ಲ. ಬಯಲು ಮಾಡುತ್ತಿದ್ದ ಕೆಲಸ ಅದೇ ಆಗಿತ್ತು. ಹಣದ ಲೆಕ್ಕವಿಲ್ಲದೆ ಬೀದಿ ಬೀದಿಗಳನ್ನು ಬೆರೆಸುವುದು.

ಇನ್ನು ನಮ್ಮ ಲೀಗುಗಳ ಸ್ವರೂಪ. ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗಿನಲ್ಲಿ ಹಲವು ದರ್ಜೆಗಳಿವೆ, ಹಲವಾರು ಕ್ಲಬ್ಬುಗಳಿವೆ. ಆದರೆ ಮೇಲಿನ ದರ್ಜೆಯ ಪಂದ್ಯಗಳು ಬಹುಕಾಲ ನಡೆದದ್ದು ಅಶೋಕನಗರದ ಒಂದೇ ಕ್ರೀಡಾಂಗಣದಲ್ಲಿ. ಇದು ಸಂಸ್ಥೆಯ ತಪ್ಪೇನಲ್ಲ, ಕ್ಲಬ್ಬುಗಳಿಗೆ ಮೈದಾನವಿಲ್ಲದಿದ್ದರೆ ಅದು ತಾನೇ ಏನು ಮಾಡೀತು? 2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದ ವೃತ್ತಿಪರ ಬೆಂಗಳೂರು ಎಫ್‌ಸಿ ತಂಡವೇ ಸರ್ಕಾರದ ಕಂಠೀರವ ಕ್ರೀಡಾಂಗಣವನ್ನು ಅಥ್ಲೆಟಿಕ್ಸ್‌ನವರೊಡನೆ ಹಂಚಿಕೊಳ್ಳುವ ವಿವಾದಕ್ಕೆ ಸಿಲುಕಿದ್ದುಂಟು. ಹಣವಂತರ ತಂಡದ ಪಾಡೇ ಹೀಗಾದರೆ ಮೆಟ್ಟಿಲ ಕೆಳಗಿನ ಕ್ಲಬ್ಬಿನ ಪಾಡೇನು? ಪರಿಣಾಮವಾಗಿ ‘ನಮ್ಮ ತಂಡ’ ಎಂದು ಹೇಳುವ ಬಡಾವಣೆಯೇ ಹುಟ್ಟಲಿಲ್ಲ. ಯಲಹಂಕದ ತಂಡ ಆಡುತ್ತಿದೆ ಎಂಬುದು ಯಲಹಂಕದವರಿಗೆ ತಿಳಿಯುವುದೇ ಇಲ್ಲ. ಪ್ರೇಕ್ಷಕರು ಬರುತ್ತಿಲ್ಲ ಎಂದು ಕೊರಗುವವರು, ಆಟವೇ ಪ್ರೇಕ್ಷಕರ ಬಳಿಗೆ ಹೋಗಲಿಲ್ಲ ಎಂಬುದನ್ನು ಮರೆಯುತ್ತಾರೆ.

ಪರಿಹಾರ ಬಹು ದೊಡ್ಡದೇನಲ್ಲ. 2025ರ ಸೆಪ್ಟೆಂಬರಿನಿಂದ ನಮ್ಮ ನಗರಕ್ಕೆ ಒಂದರ ಬದಲು ಐದು ಪಾಲಿಕೆಗಳಿವೆ. ಬೆಂಗಳೂರು ಉತ್ತರ ನಗರ ಪಾಲಿಕೆ ಅವುಗಳಲ್ಲೊಂದು. ಆಡಳಿತವನ್ನು ಜನರ ಹತ್ತಿರಕ್ಕೆ ತರುವುದೇ ಈ ವಿಭಜನೆಯ ಉದ್ದೇಶ ಎನ್ನಲಾಗಿದೆ. ಅದು ನಿಜವೆಂದು ತೋರಿಸಲು ಮೈದಾನಕ್ಕಿಂತ ಸುಲಭದ ಜಾಗವಿಲ್ಲ. ಮೊದಲು, ತನ್ನ ವ್ಯಾಪ್ತಿಯ ಪ್ರತಿ ಆಟದ ಮೈದಾನದ ಸರ್ವೆ ಸಂಖ್ಯೆ, ಅಳತೆ, ಸದ್ಯದ ಬಳಕೆಯನ್ನು ಪಾಲಿಕೆ ಬಹಿರಂಗಪಡಿಸಲಿ. ಎರಡನೆಯದಾಗಿ, ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಉದ್ಯಾನದ ಲೆಕ್ಕವನ್ನೂ ಮೈದಾನದ ಲೆಕ್ಕವನ್ನೂ ಬೇರ್ಪಡಿಸಿ, ಮೈದಾನವು ಆಡಬಹುದಾದ ಒಂದೇ ತುಂಡಾಗಿರಬೇಕೆಂಬ ಷರತ್ತು ಹಾಕಲಿ. ಮೂರನೆಯದಾಗಿ, ಆಯ್ದ ಮೈದಾನಗಳನ್ನು ಆ ಬಡಾವಣೆಯ ನೋಂದಾಯಿತ ಹವ್ಯಾಸಿ ಕ್ಲಬ್ಬುಗಳ ನಿರ್ವಹಣೆಗೆ ಲಿಖಿತ ಒಪ್ಪಂದದ ಮೇಲೆ ಕೊಡಲಿ. ಗೆರೆ ಎಳೆಯುವುದು, ಕಸ ಎತ್ತುವುದು, ಮಕ್ಕಳಿಗೆ ಕಲಿಸುವುದು ಕ್ಲಬ್ಬಿನ ಹೊಣೆ. ಬೇಲಿ, ನೀರು, ಶೌಚಾಲಯ ಪಾಲಿಕೆಯ ಹೊಣೆ.

ಇದಕ್ಕೆ ಆಕ್ಷೇಪ ಬರುತ್ತದೆಂದು ಬಲ್ಲೆ. ‘ನಿರ್ವಹಣೆಗೆ’ ಎಂದು ಕೊಟ್ಟ ಸಾರ್ವಜನಿಕ ಜಾಗಗಳು ಬೀಗ ಬಿದ್ದು, ಸದಸ್ಯತ್ವ ಶುಲ್ಕ ಏರಿ, ಕೊನೆಗೆ ಯಾರದೋ ಸ್ವತ್ತಿನಂತಾದ ಕಥೆಗಳು ಈ ನಗರದಲ್ಲಿ ಕಡಿಮೆಯಿಲ್ಲ. ಆ ಭಯ ನ್ಯಾಯವಾದದ್ದೇ. ಆದ್ದರಿಂದ ಒಪ್ಪಂದದ ಅವಧಿ ಚಿಕ್ಕದಿರಲಿ. ವಾರದಲ್ಲಿ ಇಂತಿಷ್ಟು ಹೊತ್ತು ಎಲ್ಲರಿಗೂ ಮುಕ್ತ ಎಂಬ ಫಲಕ ಬಾಗಿಲಲ್ಲೇ ಇರಲಿ. ಶಾಶ್ವತ ಕಟ್ಟಡಕ್ಕೆ ಅವಕಾಶ ಬೇಡ. ಹೆಣ್ಣುಮಕ್ಕಳ ತಂಡಕ್ಕೆ ಸಮಯ ಮೀಸಲಿಡದ ಕ್ಲಬ್ಬಿಗೆ ಮೈದಾನವೂ ಇಲ್ಲ ಎಂಬ ಷರತ್ತಿರಲಿ. ಕ್ರಿಕೆಟ್ ಆಡುವವರಿಗೂ ಪಾಲು ಸಿಗಲಿ, ಮೈದಾನಕ್ಕೆ ಆಟಗಳ ಜಾತಿಭೇದವಿಲ್ಲ. ಇನ್ನು ಗದ್ದಲವಾಗುತ್ತದೆ ಎನ್ನುವ ನೆರೆಹೊರೆಯವರಿಗೆ ಒಂದೇ ಮಾತು. ಮಕ್ಕಳ ಕೂಗು ಕೇಳದ ಬಡಾವಣೆಯಲ್ಲಿ ಬೇರೆ ಯಾವುದೋ ಮೌನ ಬೆಳೆಯುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಹೆಚ್ಚು ಕಷ್ಟ.

ಇಷ್ಟಾದರೆ ಲೀಗಿನ ಕೆಳದರ್ಜೆಯ ಕೆಲವು ಪಂದ್ಯಗಳನ್ನಾದರೂ ‘ಒಮ್ಮೆ ನಮ್ಮಲ್ಲಿ, ಒಮ್ಮೆ ನಿಮ್ಮಲ್ಲಿ’ ಎಂಬ ಕ್ರಮದಲ್ಲಿ ನಡೆಸಲು ಸಾಧ್ಯ. ಯಲಹಂಕಕ್ಕೆ ಯಶವಂತಪುರದವರು ಬರಲಿ, ಆರ್.ಟಿ. ನಗರಕ್ಕೆ ಜಾಲಹಳ್ಳಿಯವರು ಹೋಗಲಿ. ಒಂದು ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಬೀದಿಯ ತುದಿಯಲ್ಲಿ ನಮ್ಮದೇ ಹುಡುಗರು ಆಡುತ್ತಾರೆಂದರೆ ನಾವು ಹೋಗದೆ ಇರುತ್ತೇವೆಯೇ?

ಯಲಹಂಕದ ಆ ತಂಡದ ಹುಡುಗ ಮೊನ್ನೆ ಮತ್ತೆ ಸಿಕ್ಕಿದ್ದ. ಋತು ಮುಗಿಯಿತಂತೆ, ತಂಡ ಮೇಲಿನ ದರ್ಜೆಗೆ ಏರಲಿಲ್ಲವಂತೆ. ಇಬ್ಬರು ಬಿಟ್ಟು ಹೋದರಂತೆ, ಟೆಂಪೊ ಬಾಡಿಗೆ ಕೊಡಲಾಗದೆ. ‘ಮುಂದಿನ ವರ್ಷವೂ ಆಡ್ತೀಯಾ?’ ಎಂದೆ. ‘ಆಡ್ತೀನಿ ಅಂಕಲ್’ ಎಂದ. ‘ಆದರೆ ಅಜ್ಜನಿಗೆ ಒಂದು ಸಲ ತೋರಿಸ್ಬೇಕು ಅಂತಿದೆ. ಅವರಿಗೆ ಅಷ್ಟು ದೂರ ಬರೋಕಾಗಲ್ಲ.’

ಆ ಅಜ್ಜನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಂಬಿಗೆ ಮೊಣಕೈ ಊರಿ ನಿಲ್ಲಬಹುದಾದ ಒಂದು ಮೈದಾನ. ಕೇಳುತ್ತಿರುವುದು ಅಷ್ಟನ್ನೇ. ನಾಡಪ್ರಭುಗಳ ಊರಾದ ಯಲಹಂಕದಲ್ಲಿ ಎರಡೂಕಾಲು ಎಕರೆ ನೆಲ ಅಷ್ಟೊಂದು ದುಬಾರಿಯೇ?